ನೀಲಿ ಎಂದವಳು ನಾನು

ನಮ್ಮ ಮನೆಯವರಿಗೆ ಟೊಮೇಟೊ ಕಾಯಿಯೂ ಒಂದೇ, ಹಣ್ಣೂ ಒಂದೇ. ತರಕಾರಿ ಅಂಗಡಿಯಲ್ಲಿ ಒಂದೊಂದನ್ನೇ ಕೈಗೆತ್ತಿಕೊಂಡು ಹಿಸುಕಿ ನೋಡುತ್ತಾರೆ. "ಎಲ್ಲಾ ಹಿಸುಕಿ ಹಾಳು ಮಾಡ್ತೀರಲ್ಲ ಸ್ವಾಮಿ, ಕಣ್ಣಿಲ್ವಾ ನಿಮಗೆ?" ಎಂದು ಅಂಗಡಿಯವಳು ಗದರಿದರೆ ಹಲ್ಲು ಬಿಟ್ಟುಕೊಂಡು ನಿಲ್ಲುತ್ತಾರೆ. ಪಕ್ಕದಲ್ಲಿ ಚೀಲ ಹಿಡಿದು ನಿಂತ ನಾನು ಮಾತ್ರ ದುಡ್ಡು ಕೊಟ್ಟು ಅವರನ್ನು ಎಳೆದುಕೊಂಡು ಬರುತ್ತೇನೆ. ಕಣ್ಣಿಲ್ಲ ಎನ್ನುವ ಮಾತು ಯಾರ ಬಾಯಲ್ಲಿ ಬಂದರೂ ಇಪ್ಪತ್ತೆರಡು ವರ್ಷ ನಾನು ಬೆಚ್ಚಿಬಿದ್ದಿದ್ದೇನೆ.

ಕಣ್ಣು ಇದೆ, ಚೆನ್ನಾಗಿಯೇ ಇದೆ. ನನಗೆ ಸೂಜಿಗೆ ದಾರ ಪೋಣಿಸಲಾಗದಿದ್ದರೆ ಪೋಣಿಸಿಕೊಡುವವರು ಅವರೇ. ಬಣ್ಣ ಮಾತ್ರ ತಿಳಿಯುವುದಿಲ್ಲ. ಕೆಂಪು, ಹಸಿರು, ಕಂದು ಎಲ್ಲವೂ ಒಂದೇ ಮಣ್ಣು. ಗುಲಾಬಿ, ನೇರಳೆ, ನೀಲಿ ಎಲ್ಲವೂ ಒಂದೇ ಬೂದಿ. ಮದುವೆಯಾದ ಹೊಸದರಲ್ಲಿ ಕೆಂಪು ದಾರದ ಉಂಡೆ ತನ್ನಿ ಎಂದರೆ ಹಸಿರು ತಂದರು. ಬದಲಾಯಿಸಿಕೊಂಡು ಬನ್ನಿ ಎಂದರೆ ಕಂದು ತಂದರು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇರುವವಳು ನಾನು. "ಬೇಕು ಅಂತ್ಲೇ ಮಾಡ್ತಿದೀರಾ?" ಎಂದು ಉಂಡೆಯನ್ನು ಎಸೆದೆ. ಅದನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತು ಹೇಳಿದರು. ಶಾಲೆಯಲ್ಲಿ ಮರದ ಎಲೆಗಳಿಗೆ ಕಂದು ಬಣ್ಣ ಬಳಿದಿದ್ದಕ್ಕೆ ಮೇಷ್ಟರು ಚಿತ್ರವನ್ನು ಬೆನ್ನಿಗೆ ಅಂಟಿಸಿ ಇಡೀ ಶಾಲೆ ಸುತ್ತಿಸಿದ್ದರಂತೆ. ಅವತ್ತಿನಿಂದ ಯಾರಿಗೂ ಹೇಳಿಲ್ಲ ಎಂದರು. ಹೆತ್ತ ಅಮ್ಮನಿಗೂ ಹೇಳಿರಲಿಲ್ಲ.

ಲೋಕದಲ್ಲಿ ನೂರೆಂಟು ಕೆಲಸ ಇರುವಾಗ ಇವರಿಗೆ ಸಿಕ್ಕಿದ್ದು ಬಣ್ಣ ನೋಡುವ ಕೆಲಸ. ಒಂದು ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ಒಣಕೋಣೆ ಎಂದು ಒಂದಿದೆ. ಗಾಳಿಯ ತೇವ ತಾಗಿದರೆ ಕೆಡುವ ವಸ್ತುಗಳನ್ನೆಲ್ಲ ದಪ್ಪ ಗಾಜಿನ ಜಾಡಿಗಳಲ್ಲಿ ಇಟ್ಟು ಕಾಯುವ ಕೋಣೆ. ಜಾಡಿಯ ತಳದಲ್ಲಿ ಒಂದು ತಟ್ಟೆ ಮಣಿ ಹರಡಿರುತ್ತಾರೆ. ಹೊಸ ಚಪ್ಪಲಿಯ ಡಬ್ಬದಲ್ಲಿ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದೇ ಜಾತಿಯ ಮಣಿ. ಇದಕ್ಕೆ ಚೂರು ಕೋಬಾಲ್ಟ್ ಎಂಬ ಲೋಹದ ಲವಣ ಬೆರೆಸಿರುತ್ತಾರೆ. ಒಣಗಿದ್ದರೆ ನೀಲಿ, ನೀರು ಕುಡಿದರೆ ಗುಲಾಬಿ. ಗುಲಾಬಿಯಾದ ಮಣಿಯನ್ನು ಒಲೆಯಲ್ಲಿ ಕಾಯಿಸಿದರೆ ನೀರು ಬಿಟ್ಟು ಮತ್ತೆ ನೀಲಿ. ಕಾವಲುಗಾರನ ಕೆಲಸ ಇಷ್ಟೇ: ಮಣಿ ನೀಲಿಯಿದೆಯೇ ನೋಡು, ಗುಲಾಬಿಯಾದರೆ ಬದಲಾಯಿಸು.

ಕೆಲಸಕ್ಕೆ ಸೇರುವ ಮುಂಚೆ ಕಣ್ಣಿನ ಪರೀಕ್ಷೆ ಇತ್ತು. ಬಣ್ಣದ ಚುಕ್ಕಿಗಳ ನಡುವೆ ಅಡಗಿರುವ ಅಂಕಿ ಓದುವ ಪುಸ್ತಕ. ಕನ್ನಡಕದ ಅಂಗಡಿಯಲ್ಲಿದ್ದ ನನ್ನ ತಮ್ಮನಿಂದ ಅಂಥದ್ದೇ ಒಂದನ್ನು ಎರಡು ದಿನಕ್ಕೆ ತರಿಸಿಕೊಂಡೆ. ಯಾಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಅಂಕಿ ಇವರಿಗೆ ಕಾಣದು, ಚುಕ್ಕಿ ಕಾಣುತ್ತದೆ. "ಅಂಚಲ್ಲಿ ಮೂರು ದೊಡ್ಡ ಚುಕ್ಕಿ ಇದ್ರೆ ಎಪ್ಪತ್ತನಾಲ್ಕು. ಮೇಲೆ ಒಂದು, ಪಕ್ಕದಲ್ಲಿ ಎರಡು ಪುಟಾಣಿ ಇದ್ರೆ ಆರು" ಎಂದು ಎರಡು ದಿನ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ. ಪುಟ ಹಿಂದುಮುಂದು ತಿರುವಿದರೂ ತಪ್ಪಲಿಲ್ಲ. ಪರೀಕ್ಷೆಯಲ್ಲಿ ಪಾಸಾದರು, ಕೆಲಸ ಸಿಕ್ಕಿತು, ಸಂಸ್ಥೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆಯೂ ಸಿಕ್ಕಿತು. ಆ ಮನೆಯಲ್ಲಿ ಒಂದು ದಿನವೂ ನಾನು ನೆಮ್ಮದಿಯಿಂದ ಕಾಲು ಚಾಚಿ ಮಲಗಲಿಲ್ಲ. ಅವರು ಬರುವುದು ಹತ್ತು ನಿಮಿಷ ತಡವಾದರೆ ಸಿಕ್ಕಿಬಿದ್ದರು ಎಂದುಕೊಳ್ಳುವುದು. ಕಚೇರಿಯ ಮುದ್ರೆಯ ಲಕೋಟೆ ಬಂದರೆ ಒಡೆಯದೆ ದೇವರ ಪಟದ ಹಿಂದೆ ಇಡುವುದು. ಕಳ್ಳತನ ಮಾಡಿದವರೂ ಇಷ್ಟು ಹೆದರಿರಲಾರರು.

ಆದರೆ ಇವರು ಸುಮ್ಮನೆ ಸಂಬಳ ತಿನ್ನುವ ಆಸಾಮಿಯಲ್ಲ. ಬಣ್ಣ ಕಾಣದಿದ್ದರೇನು, ನೀರಿಗೆ ತೂಕ ಇದೆಯಲ್ಲ. ದಿನಾ ಬೆಳಿಗ್ಗೆ ಪ್ರತಿ ಜಾಡಿಯ ಮಣಿತಟ್ಟೆಯನ್ನೂ ಹೊರತೆಗೆದು ತೂಗುತ್ತಿದ್ದರು. ನಿನ್ನೆಗಿಂತ ಎಷ್ಟು ಹೆಚ್ಚಿದೆ ನೋಡಿ, ಇಂತಿಷ್ಟು ದಾಟಿದರೆ ಗುಲಾಬಿ ಎಂದು ಲೆಕ್ಕ ಹಾಕಿ ಒಲೆಗೆ ಹಾಕುತ್ತಿದ್ದರು. ಮೂವತ್ತೊಂದು ಜಾಡಿ, ಮೂವತ್ತೊಂದು ತೂಕ, ಎಲ್ಲವೂ ಒಂದು ರಟ್ಟಿನ ಪುಸ್ತಕದಲ್ಲಿ. ಬೇರೆಯವರು ಕಣ್ಣು ಹಾಯಿಸಿ ಎರಡು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಇವರು ಒಂದು ಗಂಟೆ ಮುಂಚೆ ಹೋಗುತ್ತಿದ್ದರು. ಅಲ್ಲಿಯ ಜನ ಇವರಿಗೆ ತಕ್ಕಡಿ ಎಂದೇ ಹೆಸರಿಟ್ಟರು. "ಏನ್ ತಕ್ಕಡಿ, ಇವತ್ತು ಗಾಳಿ ಎಷ್ಟು ಗ್ರಾಂ?" ಎಂದು ಕಾಲೆಳೆಯುತ್ತಿದ್ದರಂತೆ. ಅಲ್ಲಿಯ ಮುಖ್ಯಸ್ಥರಾದ ಪ್ರೊಫೆಸರ್ ಮಾತ್ರ, "ಇಷ್ಟು ನಿಗಾ ಇರೋ ಮನುಷ್ಯನ್ನ ನಾನು ನೋಡಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿದರೆ ನನಗೆ ಹೆಮ್ಮೆಯಾಗಬೇಕಿತ್ತು. ಹೊಗಳಿದಷ್ಟೂ ಹೆದರಿಕೆ ಹೆಚ್ಚುತ್ತಿತ್ತು.

ಕಳೆದ ವರ್ಷದ ಹಿಂದಿನ ವರ್ಷ ಅಲ್ಲಿಗೆ ಒಬ್ಬ ಹುಡುಗಿ ಬಂದಳು. ಪ್ರೊಫೆಸರ್ ಕೈಕೆಳಗೆ ಸಂಶೋಧನೆ ಮಾಡುವವಳು. ಕೋಬಾಲ್ಟಿನ ಹರಳು ಬೆಳೆಸುತ್ತಿದ್ದಳು. ಇವರು ಅವಳನ್ನು ಹರಳಮ್ಮ ಎಂದು ಕರೆಯಲು ಶುರು ಮಾಡಿದರು, ಆಮೇಲೆ ಎಲ್ಲರಿಗೂ ಅದೇ ಬಾಯಿಗೆ ಬಂತು. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳಾದ್ದರಿಂದ ಕೆಲಸದ ಕೋಟಿನ ತೋಳು ಗಿಡ್ಡ ಮಾಡಿಸಲು ಒಂದು ದಿನ ನಮ್ಮ ಮನೆಗೂ ಬಂದಿದ್ದಳು. ಪಟಪಟ ಮಾತು, ಕಿವಿಯ ಹಿಂದೆ ಪೆನ್ನು, ಒಂದು ಕಡೆ ಕೂರುವ ಜಾಯಮಾನವಲ್ಲ.

"ಏನಮ್ಮಾ ಅದು, ಅಷ್ಟು ಕಾಯೋ ಅಂಥ ಹರಳು?" ಎಂದು ಕೇಳಿದೆ.

ಅವಳು ನನ್ನ ಮೇಜಿನ ಮೇಲಿದ್ದ ಟಿಚ್ ಬಟನ್ ಪಟ್ಟಿ ಎತ್ತಿಕೊಂಡಳು. "ಆಂಟಿ, ಒಂದೊಂದು ಗುಂಡೀನೂ ಒಂದೊಂದು ಕೋಬಾಲ್ಟ್ ಕಣ ಅನ್ಕೊಳ್ಳಿ. ಒಂದೊಂದೂ ಪುಟಾಣಿ ಅಯಸ್ಕಾಂತ. ತಲೆ ಮೇಲೆ, ಇಲ್ಲ ಕೆಳಗೆ, ಎರಡೇ ದಾರಿ. ಒಂದೇ ಸಾಲಲ್ಲಿರೋವು ಅಕ್ಕಪಕ್ಕ ಗಟ್ಟಿಯಾಗಿ ಕೈ ಹಿಡ್ಕೊಂಡಿರ್ತವೆ. ಆ ಸಾಲಿಗೂ ಈ ಸಾಲಿಗೂ ಮಾತುಕತೆ ಇಲ್ಲ ಅನ್ನೋ ಅಷ್ಟು ಕಮ್ಮಿ, ಮಧ್ಯ ನೀರಿನ ಕಣ ಕೂತಿರುತ್ತೆ."

"ಸರಿ. ಅದಕ್ಕೇನೀಗ?"

"ಅದನ್ನ ಇನ್ನು ತಣ್ಣಗಾಗೋಕೆ ಸಾಧ್ಯವಿಲ್ಲ ಅನ್ನೋ ಅಷ್ಟು ತಣ್ಣಗೆ ಮಾಡಿ, ಪಕ್ಕದಿಂದ ದೊಡ್ಡ ಅಯಸ್ಕಾಂತ ಇಟ್ಟು ಒತ್ತಬೇಕು. ಒಂದು ಹಂತದಲ್ಲಿ ಇಡೀ ಸಾಲು ತಬ್ಬಿಬ್ಬಾಗುತ್ತೆ. ತಲೆ ಮೇಲೋ ಕೆಳಗೋ ಅಂದ್ರೆ ಎರಡೂ ಹೌದು. ಅದೇ ಕ್ವಾಂಟಮ್. ಆ ಹಂತದಲ್ಲಿ ಸಾಲು ಹೇಗೆ ಮಿಸುಕುತ್ತೆ ಅನ್ನೋದನ್ನ ನಾನು ನೋಡಬೇಕು."

ಮೇಲೂ ಹೌದು, ಕೆಳಗೂ ಹೌದು ಎಂದರೆ ಏನೆಂದು ನನಗೆ ತಿಳಿಯಲಿಲ್ಲ. ನೀಲಿಯೂ ಹೌದು ಗುಲಾಬಿಯೂ ಹೌದು ಎನ್ನುವ ಮನುಷ್ಯನ ಜೊತೆ ಸಂಸಾರ ಮಾಡಿದವಳಾದ್ದರಿಂದ ಹೂಂ ಎಂದೆ. "ನೀರು ಜಾಸ್ತಿಯಾದ್ರೆ?" ಎಂದು ಕೇಳಿದೆ.

"ಕೆಟ್ಟೆ ಅಂತ ಲೆಕ್ಕ. ಒಂದು ಕೋಬಾಲ್ಟಿಗೆ ಎರಡೇ ನೀರು ಇರಬೇಕು. ಗಾಳಿಯಿಂದ ಕುಡಿದು ಆರಾಯ್ತೋ, ಸಾಲೇ ಮುರಿದುಹೋಗುತ್ತೆ. ಒಳ್ಳೆ ಹರಳು ನೇರಳೆ ಬಣ್ಣ, ಕೆಟ್ಟಿದ್ದು ಗುಲಾಬಿ. ಅಂಕಲ್ ಇದಾರಲ್ಲ, ನಂಗೆ ಆ ಭಯ ಇಲ್ಲ."

ನಾನು ತೋಳಿನ ಹೊಲಿಗೆಯ ಮೇಲೆ ಬಗ್ಗಿದೆ. ಕಣ್ಣೆತ್ತಿ ಅವಳನ್ನು ನೋಡಲು ಧೈರ್ಯ ಸಾಲಲಿಲ್ಲ.

ಆ ಹರಳುಗಳನ್ನು ಎಂಟು ತಿಂಗಳು ಬೆಚ್ಚನೆಯ ನೀರಿನಲ್ಲಿ ಬೆಳೆಸಿದಳು. ನೀರು ಒಂದು ಚೂರು ತಣ್ಣಗಾದರೂ ಬೇಡದ ಗುಲಾಬಿ ಹರಳು ಹುಟ್ಟುತ್ತದಂತೆ, ಹಾಗಾಗಿ ಎಳೆಗೂಸು ನೋಡಿಕೊಂಡ ಹಾಗೆ ನೋಡಿಕೊಂಡಳಂತೆ. ಕೊನೆಗೆ ಮೂರು ಕೈಗೆ ಬಂದವು. ದೊಡ್ಡದು ಹೆಬ್ಬೆರಳಿನ ಉಗುರಿನಷ್ಟು. ದೊಡ್ಡ ಅಯಸ್ಕಾಂತ ಇರುವ ಜಾಗ ದೂರದಲ್ಲಿದೆ, ವಿಮಾನದಲ್ಲಿ ಹೋಗಬೇಕು. ಅಲ್ಲಿ ಇವಳ ಪಾಲಿಗೆ ವರ್ಷಕ್ಕೆ ಐದೇ ದಿನ. ಹೊರಡುವ ತನಕ ಹರಳುಗಳು ಒಣಕೋಣೆಯ ಹನ್ನೊಂದನೆಯ ಜಾಡಿಯಲ್ಲಿ, ಇವರ ಸುಪರ್ದಿನಲ್ಲಿ.

ಹೊರಡಲು ಐದು ದಿನ ಇರುವಾಗ ತಕ್ಕಡಿ ಕೆಟ್ಟಿತು. ನಮ್ಮವರಲ್ಲ, ತೂಗುವ ಯಂತ್ರ. ಹಳೆಯದೊಂದು ಇತ್ತು, ಅದನ್ನು ಹಿಂದಿನ ವರ್ಷವೇ ಗುಜರಿಗೆ ಹಾಕಿದ್ದರು. ರಿಪೇರಿಗೆ ಹೊತ್ತುಕೊಂಡು ಹೋದವರು ವಾರವಾಗುತ್ತದೆ ಎಂದರು. ಹೊರಗೆ ಮೋಡ ಕವಿದು ಬಟ್ಟೆಯೆಲ್ಲ ಜಿಟಿಜಿಟಿ ಎನ್ನುವ ವಾರ ಬೇರೆ. ಅವತ್ತು ಸಂಜೆ ಮನೆಗೆ ಬಂದವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇನ್ನೇನ್ ಮಾಡೋದು ಹೇಳು. ಎಲ್ಲಾ ಜಾಡೀಲೂ ನಂಗೆ ಒಂದೇ ಥರ ಕಾಣ್ತಿದೆ."

"ಎಲ್ಲ ತಟ್ಟೆನೂ ಒಲೆಗೆ ಹಾಕಿಬಿಡಿ."

"ಮೂವತ್ತೊಂದು ತಟ್ಟೆ ಕಣೇ, ಒಲೇಲಿ ದಿನಕ್ಕೆ ನಾಲ್ಕು ಹಿಡಿಯುತ್ತೆ. ಹನ್ನೊಂದನೇದನ್ನ ಮಾತ್ರ ತೆಗೆದು ಹಾಕಿದ್ರೆ ಹರಳಮ್ಮ ಯಾಕೆ ಅಂತ ಕೇಳ್ತಾಳೆ. ನೀಲಿ ಇರೋದನ್ನ ಯಾಕೆ ಕಾಯಿಸಿದ್ರಿ ಅಂದ್ರೆ ಏನು ಹೇಳ್ಲಿ?"

ಹೆದರಿದ ತಲೆಗೆ ಸೀದಾ ದಾರಿ ಹೊಳೆಯುವುದಿಲ್ಲ. ಉಪಾಯ ಹೇಳಿದವಳು ನಾನು. "ದಿನಾ ಸಂಜೆ ಆ ಜಾಡಿಯಿಂದ ನಾಲ್ಕು ಮಣಿ ಪುಟ್ಟ ಬಾಟ್ಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ತನ್ನಿ. ಬಣ್ಣ ನಾನು ಹೇಳ್ತೀನಿ." ಅವರ ಮುಖ ಅರಳಿತು. ನನಗೂ ಎಷ್ಟೋ ವರ್ಷದ ಮೇಲೆ ಒಂದು ಕೆಲಸಕ್ಕೆ ಬಂದೆ ಎನ್ನಿಸಿತು.

ಆ ವಾರ ನನ್ನ ಮೇಜಿನ ಮೇಲೆ ಶಾಲೆಯ ಸಮವಸ್ತ್ರದ ಗುಡ್ಡೆ. ತೊಳೆದ ಬಟ್ಟೆ ಒಣಗದೆ ಇಸ್ತ್ರಿಯಿಂದಲೇ ಒಣಗಿಸಿ ಹೊಲಿಯುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿಪೆಟ್ಟಿಗೆ ಆರಲೇ ಇಲ್ಲ. ಅದನ್ನು ಇಡಲು ಅಗಲವಾದ ತಗಡಿನ ಹಾಳೆಯೊಂದು ಇತ್ತು. ಇಡೀ ಮೇಜಿನಲ್ಲಿ ಬಟ್ಟೆಯಿಲ್ಲದ ಜಾಗ ಅದೊಂದೇ. ಅವರು ಬಂದವರೇ ಬಾಟಲಿಯ ಮಣಿಗಳನ್ನು ಸ್ಟೀಲ್ ತಟ್ಟೆಗೆ ಸುರಿದು ತಗಡಿನ ಮೇಲೆ ಇಟ್ಟು, ಕೈಕಾಲು ತೊಳೆದು ಚಹಾ ಕಾಯಿಸಲು ಒಳಗೆ ಹೋಗುತ್ತಿದ್ದರು. ನಾನು ಹಿಡಿದ ಹೊಲಿಗೆ ಮುಗಿಸಿ ಆಮೇಲೆ ನೋಡುತ್ತಿದ್ದೆ. ಅವರು ಸುರಿಯುವಾಗ ನಾನು ಕತ್ತೆತ್ತಿಯೂ ನೋಡುತ್ತಿರಲಿಲ್ಲ.

ಮೊದಲ ದಿನ ಹೇಳಿದೆ, ನೀಲಿ. ಎರಡನೆಯ ದಿನ, ನೀಲಿ. ಮೂರನೆಯ ದಿನ, "ನೀಲಿ ರೀ, ಅಚ್ಚ ನೀಲಿ, ಯಾಕೆ ಸುಮ್ಮನೆ ಸಾಯ್ತೀರಾ?" ಎಂದು ಗದರಿಸಿಯೇ ಹೇಳಿದೆ. ಮಾರನೆಯ ಬೆಳಿಗ್ಗೆ ತೂಕ ಬರೆಯುವ ಜಾಗದಲ್ಲಿ ನೀಲಿ ಎಂದು ಬರೆಯುತ್ತಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಇಸ್ತ್ರಿಪೆಟ್ಟಿಗೆ ತಣ್ಣಗಾಯಿತು, ಸ್ವಿಚ್ಚು ಆರಿಸಲು ನಾನು ಮರೆತಿದ್ದೆ. ಕಿಟಕಿಯ ಬೆಳಕಿನಲ್ಲಿ ಕೈಹೊಲಿಗೆ ಹಾಕುತ್ತಿದ್ದೆ. ಸಂಜೆ ಅವರು ಬಂದು ಮಣಿ ಸುರಿದು ಬಚ್ಚಲಿಗೆ ಹೋದರು. ಅವತ್ತು ಹೊಲಿಗೆ ಯಂತ್ರದ ಮೇಲೆ ಬಗ್ಗಿರದಿದ್ದಕ್ಕೆ ತಕ್ಷಣ ಕಣ್ಣು ಹಾಯಿತು. ಮಣಿಗಳು ಗುಲಾಬಿ. ಚೂರುಪಾರು ಅಲ್ಲ, ಎಳೆಮಗುವಿನ ಅಂಗಾಲಿನ ಹಾಗೆ ಪೂರ್ತಿ ಗುಲಾಬಿ.

"ರೀ, ಇವತ್ತು ಬಣ್ಣ ತಿರುಗಿದೆ" ಎಂದು ಕೂಗಿದೆ.

"ಎಷ್ಟು?" ಬಚ್ಚಲಿನಿಂದ ಕೇಳಿದರು.

"ಪೂರ್ತಿ."

ನೀರಿನ ಸದ್ದು ನಿಂತಿತು. "ಒಂದೇ ದಿನಕ್ಕೆ ಪೂರ್ತಿ ತಿರುಗಲ್ಲ ಕಣೇ. ನಾಲ್ಕೈದು ದಿನ ಬೇಕು. ಇನ್ನೊಂದು ಸಲ ನೋಡು."

ಅಷ್ಟರಲ್ಲಿ ಕರೆಂಟು ಬಂತು. ದೀಪ ಹತ್ತಿತು, ಇಸ್ತ್ರಿಪೆಟ್ಟಿಗೆಯ ಕೆಂಪು ಚುಕ್ಕಿ ಹತ್ತಿತು. ನಾನು ತಟ್ಟೆಯ ಮೇಲೆ ಬಗ್ಗಿ ನೋಡುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ತಗಡು ಕಾದ ವಾಸನೆ ಮೂಗಿಗೆ ಬಡಿಯಿತು. ಇಸ್ತ್ರಿಪೆಟ್ಟಿಗೆಯ ಕಡೆಗಿದ್ದ ಒಂದು ಮಣಿ ಮಸುಕಾಯಿತು, ಆಮೇಲೆ ನೇರಳೆಯಾಯಿತು, ಆಮೇಲೆ ನೀಲಿ. ಅದರ ಪಕ್ಕದ್ದೂ ಹಾಗೆಯೇ ತಿರುಗಿತು. ನನ್ನ ಕಣ್ಣೆದುರೇ ನಾಲ್ಕೂ ಮಣಿ ಅಚ್ಚ ನೀಲಿಯಾದವು.

ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದೆ. ಮೂರು ದಿನ ನಾನು ನೋಡಿದ್ದು ಜಾಡಿಯ ಬಣ್ಣವಲ್ಲ, ನನ್ನ ಇಸ್ತ್ರಿಪೆಟ್ಟಿಗೆಯ ಬಣ್ಣ. ಕಣ್ಣಿದ್ದ ಯಾರೇ ಆಗಿದ್ದರೂ ಸುರಿಯುವಾಗಲೇ ಗುಲಾಬಿ ಕಂಡು ಕೂಗುತ್ತಿದ್ದರು. ಸುರಿದವರಿಗೆ ಕಾಣುತ್ತಿರಲಿಲ್ಲ, ಕಾಣುವವಳು ನೋಡಿರಲಿಲ್ಲ.

ಅವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು ನಿಂತರು. "ಯಾಕೆ ಸುಮ್ಮನಾದೆ? ಸರಿಯಾಗಿ ನೋಡಿದ್ಯಾ? ಯಾವ ಬಣ್ಣ?"

ತಟ್ಟೆಯಲ್ಲಿದ್ದದ್ದು ನೀಲಿ. ನೀಲಿ ಎಂದರೆ ಅದು ಸುಳ್ಳೂ ಅಲ್ಲ. ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಪೆಟ್ಟಿಗೆ ಮುಚ್ಚಿ ಹರಳು ಹೊರಟುಬಿಡುತ್ತದೆ. ಅಲ್ಲಿ ಹೋಗಿ ಕೆಟ್ಟಿತು ಎಂದರೆ ದಾರಿಯಲ್ಲಿ ಕೆಟ್ಟಿತು ಎನ್ನುತ್ತಾರೆ. ಇವರ ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ, ಗುಟ್ಟು ಉಳಿಯುತ್ತದೆ. ಇದೆಲ್ಲ ಆ ಒಂದು ಉಸಿರಿನಲ್ಲಿ ನನ್ನ ತಲೆಗೆ ಬಂತು. ಬರಲಿಲ್ಲ ಎಂದು ಹೇಳಿ ಒಳ್ಳೆಯವಳಾಗಲಾರೆ. ಅವರು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದರು. ನನ್ನ ಬಾಯಿ ಹೇಳಿದ್ದೇ ಅವರಿಗೆ ಬಣ್ಣ. ಹೇಳಿಬಿಟ್ಟೆ. ಇಸ್ತ್ರಿಪೆಟ್ಟಿಗೆ, ತಗಡು, ಮೂರು ದಿನ, ಎಲ್ಲಾ ಹೇಳಿದೆ. ಹೇಳುತ್ತಾ ಅತ್ತೆ.

ಬಯ್ಯಬಾರದಿತ್ತೇ? ಬಯ್ಯಲಿಲ್ಲ. ಹ್ಯಾಂಗರಿನಲ್ಲಿದ್ದ ಶರ್ಟನ್ನು ಮತ್ತೆ ಹಾಕಿಕೊಂಡರು. "ನಡಿ. ಹರಳು ಹೇಗಿದೆ ನೋಡಿ ಹೇಳೋರು ಬೇಕು ನಂಗೆ."

ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಗೇಟಿನೊಳಗೆ ಕಾಲಿಟ್ಟವಳಲ್ಲ. "ಏನ್ ಸಾರ್, ಮೇಡಂ ಅವರನ್ನೂ ಡ್ಯೂಟಿಗೆ ಹಾಕ್ಸಿಬಿಟ್ರಾ?" ಎಂದು ಗೇಟಿನವನು ನಕ್ಕ. ಇವರು ನಗಲು ನೋಡಿದರು, ಆಗಲಿಲ್ಲ. ಒಣಕೋಣೆ ನಮ್ಮ ಅಡುಗೆಮನೆಯಷ್ಟೇ ದೊಡ್ಡದು. ಎರಡು ಗೋಡೆಗೆ ಜಾಡಿಗಳ ಸಾಲು, ಮೂಲೆಯಲ್ಲಿ ಒಲೆ, ತಕ್ಕಡಿ ಇದ್ದ ಜಾಗದಲ್ಲಿ ಧೂಳಿನ ಚೌಕ. ಕೊಳವೆ ದೀಪ ಎರಡು ಸಲ ಮಿಟುಕಿ ಹತ್ತಿತು. ಹನ್ನೊಂದನೆಯ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. ಮುಚ್ಚಳದ ಅಂಚಿಗೆ ಬಳಿದ ಗ್ರೀಸು ಒಂದು ಕಡೆ ಒಣಗಿ ಬಿರಿದಿತ್ತು, ಗಾಳಿ ನುಗ್ಗಿದ್ದು ಅಲ್ಲಿಂದ.

"ಹೇಳು" ಎಂದರು.

ದೊಡ್ಡ ಹರಳಿನ ನಡು ಮಾತ್ರ ನೇರಳೆ, ಅಂಚೆಲ್ಲ ಗುಲಾಬಿ, ಮೇಲೆ ಸಕ್ಕರೆ ಕರಗಿದಂಥ ಪಸೆ. ಎರಡನೆಯದು ಪೂರ್ತಿ ಹೋಗಿತ್ತು. ಮೂರನೆಯದು ಅಕ್ಕಿಕಾಳಿನಷ್ಟಿತ್ತು, ಒಂದು ಸೀಸೆಯಲ್ಲಿ ಎಣ್ಣೆಯೊಳಗೆ ಮುಳುಗಿತ್ತು. ಅದು ಒಂದೇ ನೇರಳೆ. ಒಂದೊಂದನ್ನೇ ಹೇಳಿದೆ. ಪ್ರತಿಯೊಂದಕ್ಕೂ ಹೂಂ, ಹೂಂ ಎಂದರು.

ಬಾಗಿಲಲ್ಲಿ ಸದ್ದಾಯಿತು. ಹರಳಮ್ಮ. ಕೈಯಲ್ಲಿ ಹತ್ತಿ ತುಂಬಿದ ಪೆಟ್ಟಿಗೆ. "ಆಂಟಿ? ನೀವಿಲ್ಲಿ? ಅಂಕಲ್, ಇವತ್ತೇ ಪ್ಯಾಕ್ ಮಾಡಿಬಿಡೋಣ ಅಂತ..." ಎನ್ನುತ್ತಾ ಬಂದವಳು ಜಾಡಿ ನೋಡಿ ನಿಂತಳು. ಅವಳಿಗೆ ಯಾರೂ ಬಣ್ಣ ಹೇಳಬೇಕಾಗಿರಲಿಲ್ಲ. ಪೆಟ್ಟಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಕಿರುಚಿದ್ದರೆ ಚೆನ್ನಾಗಿತ್ತು.

"ನಂಗೆ ಬಣ್ಣ ಕಾಣಲ್ಲಮ್ಮ" ಎಂದರು ಇವರು. "ಹುಟ್ಟಿದಾಗಿಂದ ಕಾಣಲ್ಲ. ತೂಗಿ ತೂಗಿ ನೋಡ್ಕೋತಿದ್ದೆ. ತಕ್ಕಡಿ ಹೋದಮೇಲೆ ಯಾರಿಗೂ ಹೇಳ್ಲಿಲ್ಲ."

ನಾನು ಇಪ್ಪತ್ತೆರಡು ವರ್ಷ ಯಾವ ಮಾತಿಗೆ ಹೆದರಿದ್ದೆನೋ ಅದು ಆಗಿಹೋಯಿತು. ಕೊಳವೆ ದೀಪ ಗುಂಯ್ ಎನ್ನುತ್ತಿತ್ತು, ಅಷ್ಟೇ.

ಅವಳು ಫೋನ್ ಮಾಡಿದಳು. ಪ್ರೊಫೆಸರ್ ಮನೆಯ ಚಪ್ಪಲಿಯಲ್ಲೇ ಬಂದರು. ಎಲ್ಲವನ್ನೂ ಕೇಳಿಸಿಕೊಂಡು ರಟ್ಟಿನ ಪುಸ್ತಕ ತೆಗೆದರು. ಕೊನೆಯ ಪುಟದ ಮೇಲೆ ಬೆರಳಿಟ್ಟರು. "ಇಲ್ಲಿ ಮೂರು ದಿನ ನೀಲಿ ಅಂತ ಬರೆದಿದೆ. ನಿಮಗೆ ಕಾಣಲ್ಲ ಅಂತೀರಿ. ನೀಲಿ ಅಂತ ನೋಡಿದ್ದು ಯಾರು?"

ಹೇಳಬೇಕು ಎಂದು ಬಾಯಿ ತೆರೆದೆ. ಸಂಸ್ಥೆಯ ವಸ್ತು ಮನೆಗೆ ಹೋಗಿತ್ತು, ಹೊಲಿಗೆಯವಳೊಬ್ಬಳು ಇಸ್ತ್ರಿ ಮಾಡುತ್ತಾ ನೋಡಿದಳು, ಕಣ್ಣಿನ ಪರೀಕ್ಷೆಗೆ ಕದ್ದು ಓದಿಸಿದವಳೂ ಅವಳೇ. ಒಂದು ಎಳೆ ಜಗ್ಗಿದರೆ ಪೂರ್ತಿ ಹೊಲಿಗೆ ಬಿಚ್ಚಿಕೊಳ್ಳುವುದನ್ನು ನನಗಿಂತ ಚೆನ್ನಾಗಿ ಬಲ್ಲವರಾರು? ಜೈಲು ಎಂಬ ಮಾತೂ ನೆನಪಾಯಿತು. ತೆರೆದ ಬಾಯಿ ತೆರೆದೇ ಇತ್ತು.

"ಯಾರೂ ನೋಡಿಲ್ಲ ಸರ್" ಎಂದರು ಇವರು. "ನಾನೇ ಸುಮ್ಮನೆ ಬರೆದೆ."

"ಸುಮ್ಮನೆ ಬರೆದ್ರಾ? ನೀವಾ?" ಪ್ರೊಫೆಸರ್ ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾಮ್ಮ ಇದೆಲ್ಲ?"

"ಅವಳಿಗೇನೂ ಗೊತ್ತಿಲ್ಲ ಸರ್. ಒಬ್ಬನೇ ಬರೋಕೆ ಧೈರ್ಯ ಸಾಲ್ಲಿಲ್ಲ ಅಂತ ಜೊತೆಗೆ ಕರ್ಕೊಂಡು ಬಂದೆ."

ನಾನು ಬಾಯಿ ಮುಚ್ಚಿಕೊಂಡೆ.

ಹರಳಮ್ಮ ಮಾರನೆಯ ಬೆಳಿಗ್ಗೆ ಅಕ್ಕಿಕಾಳಿನಷ್ಟು ಹರಳನ್ನು ತೆಗೆದುಕೊಂಡು ಹೋದಳು. ಐದು ದಿನದಲ್ಲಿ ಸಿಕ್ಕಿದ್ದು ತೀರಾ ಕ್ಷೀಣ, ಇನ್ನೊಂದು ವರ್ಷ ಕಾಯಬೇಕಾಯಿತು ಎಂದು ಆಮೇಲೆ ಗೊತ್ತಾಯಿತು. ಆ ಕೆಟ್ಟ ಎರಡನ್ನು ಹೊತ್ತು ಹೋಗಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ. ವಾಪಸು ಬಂದಮೇಲೆ ಒಂದು ದಿನ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಹೊಸಿಲಾಚೆ ನಿಂತು ಇವರಿಗೆ ಹೇಳಿದಳು: "ಅಂಕಲ್, ಕಾಣಲ್ಲ ಅಂತ ನಂಗೊಂದು ಮಾತು ಹೇಳಿದ್ರೆ ದಿನಾ ನಾನೇ ಬಂದು ನೋಡ್ತಿದ್ನಲ್ಲ. ಎರಡು ನಿಮಿಷದ ಕೆಲಸ." ಕಣ್ಣು ತುಂಬಿಕೊಂಡು ಹೋದಳು. ನಮ್ಮ ಇಪ್ಪತ್ತೆರಡು ವರ್ಷದ ಹೆದರಿಕೆಗೆ ಆ ಹುಡುಗಿ ಕಟ್ಟಿದ ಬೆಲೆ ಎರಡು ನಿಮಿಷ.

ಹನ್ನೊಂದು ದಿನ ನಾವು ಲಕೋಟೆಗೆ ಕಾದೆವು. ಆ ದಿನಗಳಲ್ಲಿ ಗೇಟಿನ ಚಿಲಕ ಅಲುಗಿದರೆ ನಾನು ಅಡುಗೆಮನೆಗೆ ಓಡುತ್ತಿದ್ದೆ. ಬಂದಾಗ ಅದರಲ್ಲಿ ಕೆಲಸದಿಂದ ತೆಗೆದಿದೆ ಎಂದಿರಲಿಲ್ಲ. ಗ್ಯಾಸ್ ಸಿಲಿಂಡರುಗಳ ಉಗ್ರಾಣಕ್ಕೆ ವರ್ಗ. ಯಾವ ಅನಿಲ ಎಂದು ಸಿಲಿಂಡರಿನ ಬಣ್ಣದಿಂದಲೇ ಗುರುತಿಸುವ ಜಾಗ ಅದು! ಆ ಕಚೇರಿಯವರ ತಲೆಯಲ್ಲಿ ಏನು ತುಂಬಿದೆಯೋ ಎಂದು ಅಳುವಿನ ನಡುವೆಯೂ ನಕ್ಕುಬಿಟ್ಟೆ. ಈ ಸಲ ಇವರೇ ಹೋಗಿ ಬಣ್ಣ ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ, ಹಳೆಯ ಕಡತಗಳ ಕೋಣೆಗೆ ಹಾಕಿಸಿಕೊಂಡು ಬಂದರು. ಬಣ್ಣ ಕಾಣದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ. ಪತ್ರದಲ್ಲಿ ಇದ್ದದ್ದು ಬೇರೆ ಸಾಲು: ದಾಖಲೆಯಲ್ಲಿ ಮೂರು ದಿನ ಸುಳ್ಳು ನಮೂದಿಸಿದ್ದಾರೆ. ಇಪ್ಪತ್ತೆರಡು ವರ್ಷ ಒಂದು ತೂಕವನ್ನೂ ಅಂದಾಜಿನಲ್ಲಿ ಬರೆಯದ ಮನುಷ್ಯ. ಈಗ ಅವರನ್ನು ಯಾರೂ ತಕ್ಕಡಿ ಎಂದು ಕರೆಯುವುದಿಲ್ಲ.

ಹೋಗಿ ಹೇಳಿಬಿಡುತ್ತೇನೆ ಎಂದು ಮೂರು ಸಲ ಸೀರೆ ಬದಲಾಯಿಸಿ ನಿಂತೆ. ಮೂರು ಸಲವೂ ಗೇಟಿನ ತನಕ ಹೋಗಿ ಬಂದೆ. "ಬಿಡೇ, ಆಯ್ತಲ್ಲ" ಎನ್ನುತ್ತಾರೆ ಇವರು. ಹೆದರಿಕೆ ಅವರದು ಆ ಸಂಜೆಯೇ ಮುಗಿಯಿತು. ನನ್ನದು ಮುಗಿದಿಲ್ಲ.

ಆ ಲಕೋಟೆ ಬಂದ ಮಾರನೆಯ ಬೆಳಿಗ್ಗೆ ಎಂದಿನಂತೆ ಎರಡು ಶರ್ಟು ಹಿಡಿದು ಬಂದು ನಿಂತರು. "ಇದ್ರಲ್ಲಿ ನೀಲಿ ಯಾವ್ದೇ?" ನನ್ನ ಮುಖ ನೋಡಿಯೇ ಕೇಳಿದರು, ಒಂದಿಷ್ಟೂ ಅನುಮಾನ ಇಲ್ಲದೆ. ನಾನು ಎರಡನ್ನೂ ಕೈಗೆ ತೆಗೆದುಕೊಂಡು ಬಿಸಿ ಇದೆಯೇ ಎಂದು ಮುಟ್ಟಿ ನೋಡಿದೆ. ಆಮೇಲೆ ಹೇಳಿದೆ. ಹಾಕಿಕೊಂಡು ಹೋದರು.